ಕುರಿಗಾಹಿಯೂ ಹಿಂಡೂ: ಕ್ರೈಸ್ತ ಸಮುದಾಯದ ಆರೋಗ್ಯವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

ಒಂದು ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಇಂತಹ ಶುಭಸಂದರ್ಭದಲ್ಲಿ ಹೊರಡುವ ಸಂಚಿಕೆಗಳಲ್ಲಿ ಅಡಿಗಲ್ಲನ್ನಿಟ್ಟವರು ಯಾರು, ಗೋಪುರವನ್ನು ಎತ್ತಿಸಿದವರು ಯಾರು, ಗಂಟೆಯನ್ನು ದಾನವಿತ್ತವರು ಯಾರು ಎಂಬುದನ್ನು ದಾಖಲಿಸುವುದು ರೂಢಿ. ಅದು ಯುಕ್ತವೂ ಹೌದು. ಉಪಕಾರಸ್ಮರಣೆಯು ಕ್ರೈಸ್ತನ ಮೊದಲ ಧರ್ಮ. ಆದರೆ ಕಲ್ಲುಗಾರೆಗಳ ಚರಿತ್ರೆ ಬೇರೆ, ಸಮುದಾಯದ ಚರಿತ್ರೆ ಬೇರೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವು ಇಂದು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿದೆ. ಮಳೆಗಾಲದಲ್ಲಿ ಅದರ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಗೆಯಲ್ಲಿ ಮತ್ತೆ ತಲೆಯೆತ್ತುತ್ತವೆ. ಅದನ್ನು ನೋಡಲು ದೂರದೂರಿನಿಂದ ಪ್ರವಾಸಿಗರು ಬರುತ್ತಾರೆ. ಆದರೆ ಅಲ್ಲಿ ಬಲಿಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದ ಕುಟುಂಬಗಳು ನೀರಿನಲ್ಲಿ ಮುಳುಗಲಿಲ್ಲ. ಅವು ಬೇರೆಡೆ ನೆಲಸಿದುವು. ಕಟ್ಟಡವು ಉಳಿದು ಸಮುದಾಯವು ಅಳಿಯಬಹುದು. ಕಟ್ಟಡವು ಅಳಿದು ಸಮುದಾಯವು ಉಳಿಯಬಹುದು. ಆದ್ದರಿಂದ ನೂರರ ಹೊಸ್ತಿಲಲ್ಲಿ ನಿಂತಿರುವ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಕ್ರೈಸ್ತ ಸಮುದಾಯವೊಂದನ್ನು ಆರೋಗ್ಯವಂತವಾಗಿ ಇರಿಸುವುದು ಯಾವುದು? ಅದರ ನಾಯಕತ್ವ ಹೇಗಿರಬೇಕು?

ಈ ಪ್ರಶ್ನೆಯು ಹೊಸದಲ್ಲ. ಧರ್ಮಸಭೆಯ ಶ್ರೇಷ್ಠ ಕುರಿಗಾಹಿಗಳು ಇದನ್ನು ತಮಗೆ ತಾವೇ ಹಾಕಿಕೊಂಡಿದ್ದಾರೆ. ಅವರ ಅನುಭವಗಳನ್ನು ಕ್ರಮವಾಗಿ ಅವಲೋಕಿಸಿದಾಗ ಒಂದು ಸತ್ಯವು ನಮಗೆ ಗೋಚರಿಸುತ್ತದೆ. ಗುರುವು ಇರುವಾಗ ಜನರು ಎಷ್ಟು ವಿಧೇಯರಾಗಿದ್ದರೆಂಬುದು ಅವರ ಸೇವೆಯ ಅಳತೆಗೋಲಲ್ಲ. ಅವರು ಹೊರಟುಹೋದ ಮೇಲೆ ಜನರು ಎಷ್ಟು ದೃಢವಾಗಿ ನಿಂತರೆಂಬುದೇ ನಿಜವಾದ ಅಳತೆಗೋಲು. ಈ ಮಾತನ್ನು ಚರಿತ್ರೆಯ ಕೆಲವು ಪ್ರಸಂಗಗಳಿಂದ ವಿಶದಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆದಿಸಭೆಯ ಮೊದಲ ಗೊಣಗಾಟ

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನಾವು ಅನೇಕ ಬಾರಿ ಕೇಳಿದ್ದೇವೆ. ಆದರೆ ಅಲ್ಲಿನ ಕಲಹದ ಸ್ವರೂಪವನ್ನು ಗಮನಿಸುವವರು ವಿರಳ. ಜೆರುಸಲೇಮಿನ ಕ್ರೈಸ್ತರಲ್ಲಿ ಗ್ರೀಕ್ ಭಾಷೆಯನ್ನಾಡುವವರು ಒಂದು ಗುಂಪು, ಸ್ಥಳೀಯ ಹೀಬ್ರೂ ಜನರು ಇನ್ನೊಂದು ಗುಂಪು. ದಿನನಿತ್ಯದ ಅನ್ನದಾನದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಮೊದಲನೆಯ ಗುಂಪಿನವರು ಗೊಣಗಿದರು. ಅಂದರೆ ಧರ್ಮಸಭೆಯಲ್ಲಿ ತಲೆದೋರಿದ ಮೊಟ್ಟಮೊದಲ ಸಾಮುದಾಯಿಕ ದೂರು ಧರ್ಮಸಿದ್ಧಾಂತಕ್ಕೆ ಸಂಬಂಧಿಸಿದ್ದಲ್ಲ; ಅದು ಭಾಷೆಗೂ ಅನ್ನಕ್ಕೂ ಸಂಬಂಧಿಸಿದ್ದು. ಒಂದೇ ಪೀಠದ ಮುಂದೆ ಹಲವು ಭಾಷೆಗಳವರು ಮಂಡಿಯೂರುವ ಕರ್ನಾಟಕದ ಧರ್ಮಕೇಂದ್ರಗಳಿಗೆ ಈ ಪ್ರಸಂಗವು ಎಷ್ಟು ಹತ್ತಿರವಾದುದೆಂದು ಬೇರೆ ಹೇಳಬೇಕಾಗಿಲ್ಲ.

ಪ್ರೇಷಿತರು ಏನು ಮಾಡಿದರು? ಗೊಣಗಿದವರನ್ನು ಅವರು ಗದರಿಸಲಿಲ್ಲ. ಮುಚ್ಚಿದ ಕೋಣೆಯಲ್ಲಿ ತೀರ್ಪನ್ನೂ ಕೊಡಲಿಲ್ಲ. ವಿಶ್ವಾಸಿಗಳ ಸಮೂಹವನ್ನು ಕರೆದು, ಜ್ಞಾನವಂತರೂ ಸತ್ಕೀರ್ತಿವಂತರೂ ಆದ ಏಳು ಜನರನ್ನು ನೀವೇ ಆರಿಸಿರಿ ಎಂದರು. ಆಯ್ಕೆಯಾದವರ ಹೆಸರುಗಳನ್ನು ನೋಡಬೇಕು: ಸ್ತೇಫನ, ಫಿಲಿಪ್ಪ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅವರಲ್ಲೊಬ್ಬನು ಅಂತಿಯೋಕ್ಯದವನು, ಅನ್ಯಜನರಿಂದ ಬಂದು ಯೆಹೂದ್ಯ ಧರ್ಮವನ್ನು ಮೊದಲೇ ಸ್ವೀಕರಿಸಿದ್ದವನು. ಯಾವ ಗುಂಪಿಗೆ ಅನ್ಯಾಯವಾಯಿತೆಂಬ ದೂರಿದ್ದಿತೋ ಆ ಗುಂಪಿನ ಕಡೆಯವರ ಕೈಗೇ ಬಡಿಸುವ ಸೌಟನ್ನು ಒಪ್ಪಿಸಲಾಯಿತು. ಬಹುಸಂಖ್ಯಾತರು ತಮ್ಮ ಪಾಲಿನ ಅಧಿಕಾರವನ್ನು ಬಿಟ್ಟುಕೊಡಲು ಅಂಜಲಿಲ್ಲ. ಪ್ರೇಷಿತರು ಆ ಏಳು ಜನರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಜನರ ಆಯ್ಕೆಯೂ ಪ್ರೇಷಿತರ ಅಭಿಷೇಕವೂ ಒಂದನ್ನೊಂದು ಅಳಿಸದೆ ಇಲ್ಲಿ ಕೂಡಿಬಂದುವು. ಮುಂದೆ ಸಂತ ಪೇತ್ರರು ತಮ್ಮ ಮೊದಲನೆಯ ಪತ್ರದಲ್ಲಿ ಸಭೆಯ ಹಿರಿಯರಿಗೆ ಬುದ್ಧಿ ಹೇಳುವಾಗ, ಹಿಂಡಿನ ಮೇಲೆ ದೊರೆತನ ಮಾಡದೆ ಅದಕ್ಕೆ ಮಾದರಿಯಾಗಿ ಬಾಳಬೇಕೆಂದು ಎಚ್ಚರಿಸಿರುವುದು ಇದೇ ಮನೋಧರ್ಮದಿಂದ.

ಸಂತ ಗ್ರೆಗೋರಿಯವರ ಕೈಪಿಡಿ

ಕ್ರಿ.ಶ. 590ರಲ್ಲಿ ರೋಮ್ ನಗರದ ಸ್ಥಿತಿ ಶೋಚನೀಯವಾಗಿದ್ದಿತು. ಟೈಬರ್ ನದಿಯು ಉಕ್ಕಿ ಹರಿದು ಉಗ್ರಾಣಗಳು ಹಾಳಾಗಿದ್ದುವು. ಅದರ ಹಿಂದೆಯೇ ಬಂದ ಮಹಾಮಾರಿಯು ಜಗದ್ಗುರು ಎರಡನೆಯ ಪೆಲಾಜಿಯುಸ್ ಅವರನ್ನೂ ಬಲಿ ತೆಗೆದುಕೊಂಡಿತು. ಅವರ ಸ್ಥಾನಕ್ಕೆ ಜನರೂ ಗುರುವರ್ಗವೂ ಆರಿಸಿದ್ದು ಗ್ರೆಗೋರಿ ಎಂಬ ಸನ್ಯಾಸಿಯನ್ನು. ಹಿಂದೆ ನಗರದ ಮುಖ್ಯಾಧಿಕಾರಿಯಾಗಿದ್ದು, ಆ ವೈಭವವನ್ನು ತೊರೆದು ತನ್ನ ಮನೆಯನ್ನೇ ಮಠವನ್ನಾಗಿ ಮಾಡಿಕೊಂಡಿದ್ದ ಅವರಿಗೆ ಈ ಹೊರೆ ಬೇಡವಾಗಿದ್ದಿತು. ಹಿಂಜರಿದುದಕ್ಕೆ ಆಕ್ಷೇಪಣೆಯೆತ್ತಿದ ಸಹಧರ್ಮಾಧ್ಯಕ್ಷರೊಬ್ಬರಿಗೆ ಉತ್ತರವಾಗಿ ಅವರು ಬರೆದ ಗ್ರಂಥವೇ 'ಪಾಲನಾ ನಿಯಮ'. ನಾಲ್ಕು ಭಾಗಗಳ ಈ ಗ್ರಂಥವು ಮಧ್ಯಯುಗದಾದ್ಯಂತ ಧರ್ಮಾಧ್ಯಕ್ಷರ ಕೈಪಿಡಿಯಾಗಿದ್ದಿತು. 9ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯು ಇದನ್ನು ತನ್ನ ಜನರ ಭಾಷೆಗೆ ತಂದನು.

ಗ್ರೆಗೋರಿಯವರ ವಿಚಾರಸರಣಿಯು ವೈದ್ಯನ ದೃಷ್ಟಾಂತದಿಂದ ಮೊದಲಾಗುತ್ತದೆ. ಔಷಧಿಗಳ ಗುಣವನ್ನರಿಯದವನು ವೈದ್ಯನೆನಿಸಿಕೊಳ್ಳಲು ನಾಚುತ್ತಾನೆ. ಆದರೆ ಆತ್ಮಗಳ ಗಾಯವನ್ನರಿಯದವರು ಆತ್ಮಗಳ ವೈದ್ಯರಾಗಲು ಮುಂದೆ ಬರುತ್ತಾರೆಂದು ಅವರು ಮರುಗುತ್ತಾರೆ. ಗ್ರಂಥದ ಮೂರನೆಯ ಭಾಗವೇ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಅವರು ಜನರನ್ನು ಜೋಡಿಜೋಡಿಯಾಗಿ ವಿಂಗಡಿಸಿ, ಬಡವರಿಗೆ ಹೇಳುವಂತೆ ಸಿರಿವಂತರಿಗೆ ಹೇಳಲಾಗದು, ಅಂಜುವವರಿಗೆ ಹೇಳುವಂತೆ ದುಡುಕುವವರಿಗೆ ಹೇಳಲಾಗದು, ಆರೋಗ್ಯವಂತರಿಗೆ ಹೇಳುವಂತೆ ರೋಗಿಗಳಿಗೆ ಹೇಳಲಾಗದು ಎಂದು ವಿವರಿಸುತ್ತಾರೆ. ಹಿಂಡನ್ನು ಒಟ್ಟಾಗಿ ನೋಡುವವನು ಕುರಿಗಳನ್ನು ಕಾಣುವುದಿಲ್ಲ; ಒಂದೊಂದನ್ನೂ ಹೆಸರಿನಿಂದ ಬಲ್ಲವನೇ ಕುರಿಗಾಹಿ ಎಂಬುದು ಇದರ ಸಾರಾಂಶ.

ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಂಶವಿದೆ. ಜನರ ಮೆಚ್ಚುಗೆಯನ್ನು ಬಯಸುವ ಪಾಲಕನು ಸತ್ಯವನ್ನು ನುಡಿಯಲಾರನು, ಕೇಳಲೂ ಆರನು ಎಂದು ಗ್ರೆಗೋರಿಯವರು ಎಚ್ಚರಿಸುತ್ತಾರೆ. ಇದಕ್ಕೆ ಅವರು ಕೊಡುವ ನಿದರ್ಶನ ಪ್ರೇಷಿತರಲ್ಲಿ ಮೊದಲಿಗರಾದ ಸಂತ ಪೇತ್ರರದು. ತಮಗಿಂತ ತಡವಾಗಿ ಬಂದ ಪೌಲರು ಅಂತಿಯೋಕ್ಯದಲ್ಲಿ ತಮ್ಮನ್ನು ಎದುರಿಗೇ ಖಂಡಿಸಿದಾಗ ಪೇತ್ರರು ಅದನ್ನು ಸಹಿಸಿ ಸ್ವೀಕರಿಸಿದರು. ಜಗದ್ಗುರುವಿನ ಪೀಠದಲ್ಲಿ ಕುಳಿತವರೇ ಈ ಉದಾಹರಣೆಯನ್ನು ಎತ್ತಿಕೊಂಡಿರುವುದು ಗಮನಾರ್ಹ. ಕೊನೆಯ ಭಾಗವು ಬಹು ಚಿಕ್ಕದು: ಉಪದೇಶವನ್ನು ಮುಗಿಸಿದ ಗುರುವು ತನ್ನ ಅಂತರಂಗಕ್ಕೆ ಹಿಂದಿರುಗಿ ತನ್ನ ಬಲಹೀನತೆಯನ್ನು ನೆನೆಯಬೇಕೆಂಬುದೇ ಅದರ ವಿಷಯ. ದೇವರ ಸೇವಕರ ಸೇವಕ ಎಂಬ ಬಿರುದನ್ನು ಗ್ರೆಗೋರಿಯವರು ತಮಗೆ ತಾವೇ ಇಟ್ಟುಕೊಂಡರು. ಇಂದಿಗೂ ಜಗದ್ಗುರುಗಳು ಅದನ್ನು ಧರಿಸುತ್ತಾರೆ.

ಕೆನರಾದಿಂದ ಲಂಕೆಗೆ

ಇನ್ನು ನಮ್ಮ ನಾಡಿನ ಕಡೆಗೆ ದೃಷ್ಟಿ ಹೊರಳಿಸೋಣ. ಗೋವೆಯ ಬೆನಾವ್ಲಿಯಲ್ಲಿ 1651ರಲ್ಲಿ ಜನಿಸಿದ ಜೋಸೆಫ್ ವಾಜ್ ಅವರು 1681ರಲ್ಲಿ ಕೆನರಾ ಸೀಮೆಗೆ ಬಂದರು. ಆಗ ಇಲ್ಲಿನ ಕ್ರೈಸ್ತರು ಒಂದು ದುಃಖಕರವಾದ ಇಕ್ಕಟ್ಟಿನಲ್ಲಿದ್ದರು. ಒಂದು ಕಡೆ ಪೋರ್ಚುಗೀಸ್ ದೊರೆಯ ಪೋಷಣೆಯಲ್ಲಿದ್ದ ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ. ಇನ್ನೊಂದು ಕಡೆ ರೋಮಾಪುರಿಯು ನೇರವಾಗಿ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರ. ಯಾರ ಕೈಯಿಂದ ಸಂಸ್ಕಾರಗಳನ್ನು ಪಡೆದರೆ ಸಿಂಧು, ಯಾರ ಕೈಯಿಂದ ಅಸಿಂಧು ಎಂಬ ಸಂಶಯದಲ್ಲಿ ಸರಳ ಜನರ ಮನಸ್ಸು ತೊಳಲಾಡುತ್ತಿದ್ದಿತು. ವಾಜ್ ಅವರು ಗೋವೆಯಿಂದ ಕಳುಹಿಸಲ್ಪಟ್ಟವರು. ತಮ್ಮ ಮೇಲಧಿಕಾರಿಗೆ ನಿಷ್ಠರಾಗಿದ್ದುಕೊಂಡೇ ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಅವರು ಶಾಂತಿಗಾಗಿ ಶ್ರಮಿಸಿದರು. 1684ರವರೆಗೆ ಈ ಕರಾವಳಿಯಲ್ಲಿ ಸಂಚರಿಸುತ್ತಾ, ಶಾಲೆಗಳನ್ನೂ ಭಕ್ತಸಂಘಗಳನ್ನೂ ಸ್ಥಾಪಿಸಿದರು. ನಾಯಕರ ಕಲಹದ ಬೆಲೆಯನ್ನು ಯಾವಾಗಲೂ ಹಿಂಡೇ ತೆರುತ್ತದೆಂಬ ಪಾಠವನ್ನು ಅವರು ಕಲಿತದ್ದು ಇಲ್ಲಿಯೇ ಇರಬೇಕು.

1687ರಲ್ಲಿ ಅವರು ಕೂಲಿಯಾಳಿನ ವೇಷದಲ್ಲಿ ಲಂಕೆಯನ್ನು ಪ್ರವೇಶಿಸಿದರು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಆರಾಧನೆಯು ನಿಷಿದ್ಧವಾಗಿದ್ದಿತು, ಗುರುಗಳು ಉಳಿದಿರಲಿಲ್ಲ. ಸುಮಾರು ಒಂಬತ್ತು ವರ್ಷಗಳ ಕಾಲ ಇಡೀ ದ್ವೀಪಕ್ಕೆ ಇವರೊಬ್ಬರೇ ಗುರುಗಳಾಗಿದ್ದರು. ಗೂಢಚಾರನೆಂಬ ಆರೋಪದ ಮೇಲೆ ಕ್ಯಾಂಡಿಯಲ್ಲಿ ಸೆರೆಯನ್ನೂ ಅನುಭವಿಸಿದರು. ಒಬ್ಬ ಮನುಷ್ಯನು ಎಷ್ಟು ಹಳ್ಳಿಗಳನ್ನು ಸುತ್ತಬಲ್ಲನು? ಆದ್ದರಿಂದ ಅವರೂ ಅವರ ಅನಂತರ ಬಂದ ಗೋವೆಯ ಗುರುಗಳೂ ಪ್ರತಿಯೊಂದು ಊರಿನ ಹೊರೆಯನ್ನು ಆಯಾ ಊರಿನ ಶ್ರೀಸಾಮಾನ್ಯರ ಹೆಗಲಿಗೇರಿಸಿದರು. ಪ್ರಾರ್ಥನೆಯನ್ನು ನಡೆಸಿ ಮಕ್ಕಳಿಗೆ ಜ್ಞಾನೋಪದೇಶ ಮಾಡಲು ಅಣ್ಣಾವಿ, ಸಮುದಾಯದ ಆಗುಹೋಗುಗಳನ್ನು ನೋಡಿಕೊಳ್ಳಲು ಮೂಪ್ಪ ಎಂಬ ಹಿರಿಯರಿದ್ದರು. ಇದರೊಡನೆ ಜಾಕೊಮೆ ಗೊನ್ಸಾಲ್ವಿಸ್ ಎಂಬ ಗುರುಗಳು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿಕೊಟ್ಟರು. ಗುರುಗಳು ವರ್ಷದಲ್ಲಿ ಒಮ್ಮೆಯೋ ಎರಡು ಬಾರಿಯೋ ಬರುವ ಊರಿನಲ್ಲಿಯೂ ಪ್ರಾರ್ಥನೆಯ ದೀಪವು ಆರಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜ್ ಅವರು ದೇಹಬಿಟ್ಟಾಗ, ಅವರು ಬಿಟ್ಟುಹೋದದ್ದು ತಮ್ಮನ್ನೇ ನೆಚ್ಚಿಕೊಂಡಿದ್ದ ಜನರನ್ನಲ್ಲ, ತಮ್ಮ ಕಾಲ ಮೇಲೆ ನಿಲ್ಲಬಲ್ಲ ಸಭೆಯನ್ನು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್ ಅವರು ಕೊಲಂಬೊ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗುರುಗಳಿಲ್ಲದ ಹದಿನೈದು ವರ್ಷಗಳು

ಸಂತ ವಾಜ್ ಅವರು ನಡೆದಾಡಿದ್ದ ಕೆನರಾದಲ್ಲಿಯೇ ನೂರು ವರ್ಷಗಳ ತರುವಾಯ ಸಮುದಾಯಕ್ಕೆ ಭೀಕರ ಪರೀಕ್ಷೆಯೊಂದು ಒದಗಿತು. ಆಂಗ್ಲರೊಡನೆ ನಡೆದ ಯುದ್ಧದ ಅಂತ್ಯದಲ್ಲಿ, 1784ರ ತಪಸ್ಸುಕಾಲದ ಆರಂಭದಲ್ಲಿ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಎಷ್ಟು ಜನರೆಂಬುದರಲ್ಲಿ ಇತಿಹಾಸಕಾರರ ಲೆಕ್ಕಗಳು ಬೇರೆಬೇರೆಯಾಗಿವೆ. ಸಾವಿರಾರು ಜನರೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವರ ಗುರುಗಳನ್ನು ಗೋವೆಗೆ ಅಟ್ಟಲಾಯಿತು, ದೇವಾಲಯಗಳು ನೆಲಸಮವಾದುವು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬೀಳುವವರೆಗೆ, ಹದಿನೈದು ವರ್ಷಗಳ ಕಾಲ ಆ ಜನರಿಗೆ ಗುರುಗಳ ನಿಯತವಾದ ಸೇವೆಯಿರಲಿಲ್ಲ. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಬಹುಮಂದಿ. ಆದರೂ ಬದುಕಿ ಉಳಿದವರು ಕರಾವಳಿಗೆ ಹಿಂದಿರುಗಿ ಬಂದು ಕೆಡವಿದ ದೇವಾಲಯಗಳನ್ನು ಮತ್ತೆ ಕಟ್ಟಿದರು.

ಈ ಪ್ರಸಂಗವನ್ನು ನಾವು ಯಾರ ಮೇಲಿನ ದ್ವೇಷಕ್ಕಾಗಿಯೂ ನೆನೆಯುತ್ತಿಲ್ಲ. ಗುಡಿಯೂ ಇಲ್ಲದೆ, ಗುರುವೂ ಇಲ್ಲದೆ ವಿಶ್ವಾಸವು ಹೇಗೆ ಉಳಿಯಿತು ಎಂಬುದೇ ಇಲ್ಲಿನ ಪ್ರಶ್ನೆ. ಉಳಿದಿದ್ದುದು ಮನೆ, ಮನೆಯ ತಾಯಂದಿರ ಬಾಯಿಪಾಠದ ಪ್ರಾರ್ಥನೆ ಮತ್ತು ಹಿರಿಯರ ಮಾತು ಇಷ್ಟೇ. ಕೆನರಾದ ಕ್ರೈಸ್ತರಲ್ಲಿ ವಾಡೆಗೊಬ್ಬ ಗುರಿಕಾರನನ್ನು ನೇಮಿಸುವ ಪದ್ಧತಿ ಮುಂದೆಯೂ ಬಾಳಿಬಂದಿತು. ಮದುವೆ ಮರಣಗಳಲ್ಲಿ ಮುಂದೆ ನಿಲ್ಲುವವನು, ಜಗಳಗಳನ್ನು ತೀರಿಸುವವನು, ಕಷ್ಟದಲ್ಲಿರುವ ಮನೆಯ ಸುದ್ದಿಯನ್ನು ಗುರುಗಳಿಗೆ ಮುಟ್ಟಿಸುವವನು ಗುರಿಕಾರ. ಸಣ್ಣ ಹುದ್ದೆಯೆಂದು ತೋರಬಹುದು. ಆದರೆ ಇಂತಹ ಸಣ್ಣ ಬೇರುಗಳೇ ಬಿರುಗಾಳಿಯಲ್ಲಿ ಮರವನ್ನು ಹಿಡಿದಿರುತ್ತವೆ.

ದೊಡ್ಡಸ್ವಾಮಿಯವರು ಮತ್ತು ಪುದುಚೇರಿಯ ಧರ್ಮಪರಿಷತ್ತು

ಮೈಸೂರು ಸೀಮೆಯ ಕಥೆಯು ಸ್ವಲ್ಪ ಬೇರೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಮಿ ಅವರು ಕನ್ನಡವನ್ನು ಕಲಿತು ಇಲ್ಲಿ ಧರ್ಮಪ್ರಸಾರ ಕೈಗೊಂಡರು. 1773ರಲ್ಲಿ ಯೇಸುಸಭೆಯು ರದ್ದಾದ ಮೇಲೆ ಆ ಹೊಲವು ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಸ್ಥೆಯ ಗುರುಗಳ ಪಾಲಿಗೆ ಬಂದಿತು. 1799ರ ಅನಂತರ ಇಲ್ಲಿನ ಚದುರಿದ ಕ್ರೈಸ್ತರನ್ನು ಕೂಡಿಸಲು ಬಂದವರು ಅಬ್ಬೆ ದ್ಯುಬುವಾ. ಅವರು ಹಾಸನದ ಸಮೀಪದ ಸತ್ತಿಹಳ್ಳಿಯಂತಹ ಕಡೆಗಳಲ್ಲಿ ಕೃಷಿ ವಸಾಹತುಗಳನ್ನು ಸ್ಥಾಪಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ಮುಂದಾಗಿ, 1803-04ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಿಸಿದರು. ನಾಡಿನ ಉಡುಪನ್ನು ತೊಟ್ಟು, ನಾಡಿನ ಊಟವನ್ನುಂಡು ಬಾಳಿದ ಅವರನ್ನು ಜನರು ದೊಡ್ಡಸ್ವಾಮಿಯವರು ಎಂದು ಕರೆದರು. ಇಷ್ಟಾದರೂ 1823ರಲ್ಲಿ ಭಾರತವನ್ನು ಬಿಟ್ಟುಹೋದಾಗ ಅವರ ಮನಸ್ಸಿನಲ್ಲಿ ನಿರಾಶೆಯೇ ತುಂಬಿದ್ದಿತು. ಈ ನೆಲದಲ್ಲಿ ಕ್ರೈಸ್ತ ವಿಶ್ವಾಸವು ಬೇರೂರುವ ಸಾಧ್ಯತೆಯನ್ನೇ ಶಂಕಿಸುವ ಪತ್ರಗಳನ್ನು ಅದೇ ವರ್ಷ ಅವರು ಪ್ರಕಟಿಸಿದರು.

ಒಬ್ಬ ಒಳ್ಳೆಯ ಕುರಿಗಾಹಿಯ ಈ ನಿರಾಶೆಗೆ ಉತ್ತರವೆಂಬಂತೆ, ಅವರದೇ ಸಂಸ್ಥೆಯ ಗುರುಗಳು ಇಪ್ಪತ್ತೊಂದು ವರ್ಷಗಳ ತರುವಾಯ ಪುದುಚೇರಿಯಲ್ಲಿ ಸೇರಿದರು. ಧರ್ಮಾಧ್ಯಕ್ಷ ಬೊನ್ನಾಂ ಅವರ ಅಧ್ಯಕ್ಷತೆಯಲ್ಲಿ 1844ರ ಜನವರಿ 18ರಿಂದ ಫೆಬ್ರವರಿ 13ರವರೆಗೆ ಜರುಗಿದ ಈ ಧರ್ಮಪರಿಷತ್ತು, ತಮ್ಮ ಶ್ರಮವು ಏಕೆ ಬೇರೂರುತ್ತಿಲ್ಲ ಎಂದು ಕುರಿಗಾಹಿಗಳು ತಾವೇ ಕುಳಿತು ವಿಚಾರ ಮಾಡಿದ ಅಪೂರ್ವ ಸಂದರ್ಭ. ಸ್ವದೇಶೀ ಗುರುಗಳನ್ನು ಸಿದ್ಧಪಡಿಸದೆ, ಬಾಲಕರಿಗೂ ಬಾಲಿಕೆಯರಿಗೂ ವಿದ್ಯೆಯನ್ನು ಕಲಿಸದೆ ಧರ್ಮಸಭೆಯು ಎಂದಿಗೂ ಪರದೇಶದ ಸಸಿಯಾಗಿಯೇ ಉಳಿಯುವುದೆಂಬುದು ಆ ಪರಿಷತ್ತಿನ ವಿಚಾರಗಳ ತಿರುಳು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅದೇ ವರ್ಷ ಪುದುಚೇರಿಯಲ್ಲಿ ಮರಿಯಮ್ಮನವರ ನಿಷ್ಕಳಂಕ ಹೃದಯದ ಭಗಿನಿಯರ ಸಭೆಯು ಸ್ಥಾಪನೆಗೊಂಡಿತು.

ಪರಿಷತ್ತಿನ ನಿರ್ಣಯಗಳನ್ನು ರೋಮಾಪುರಿಗೆ ಕೊಂಡೊಯ್ದವರು ಹಿಂದೆ ವಾಸ್ತುಶಿಲ್ಪಿಯಾಗಿದ್ದ ಲ್ಯೂಕೆ ಎಂಬ ಯುವಕ ಗುರುಗಳು. ಅವರ ಮನವಿಗಳ ಫಲವಾಗಿ ಧರ್ಮಪ್ರಚಾರದ ಪವಿತ್ರ ಮಂಡಲಿಯು 1845ರ ನವೆಂಬರ್ 23ರಂದು ಒಂದು ಮಹತ್ವದ ಆದೇಶವನ್ನು ಹೊರಡಿಸಿತು. ಸ್ವದೇಶೀ ಗುರುಗಳನ್ನು ಕೇವಲ ಸಹಾಯಕರೆಂದು ಕೆಳದರ್ಜೆಯಲ್ಲಿರಿಸುವ ಪದ್ಧತಿಯು ನಿಲ್ಲಬೇಕು. ಧರ್ಮಾಧ್ಯಕ್ಷ ಪದವಿಯವರೆಗೂ ಏರಬಲ್ಲಂತೆ ಅವರನ್ನು ತರಬೇತುಗೊಳಿಸಬೇಕು ಎಂದು ಅದು ವಿಧಿಸಿತು. ಆದರೆ ಲ್ಯೂಕೆಯವರಿಗೆ ದೊರೆತ ಪ್ರತಿಫಲವೇನು? ಸಹಧರ್ಮಾಧ್ಯಕ್ಷರಾಗಿ ನೇಮಕಗೊಂಡರೂ, ತಮ್ಮ ಸಹೋದರ ಗುರುಗಳ ವಿರೋಧದ ಕಾರಣ ಅವರು ಪುದುಚೇರಿಗೆ ಮರಳಿ ಬರಲಾಗಲಿಲ್ಲ. ಸತ್ಯವನ್ನು ನಿರ್ಣಯವಾಗಿ ಬರೆಯುವುದು ಸುಲಭ. ಅದರಂತೆ ನಮ್ಮ ಸ್ಥಾನವನ್ನು ಬಿಟ್ಟುಕೊಡುವುದು ಕಷ್ಟ.

ಆ ಬೀಜವು ಮೊಳೆಯಲು ಬಹುಕಾಲ ಹಿಡಿಯಿತು. ಮೈಸೂರು ಸೀಮೆಗೆ 1845ರಲ್ಲಿ ಧರ್ಮಾಧ್ಯಕ್ಷ ಶಾರ್ಬೊನ್ನೊ ಅವರು ಪ್ರತ್ಯೇಕ ಪಾಲಕರಾದರು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊ ಅವರು ಭಾರತದಲ್ಲಿ ಧರ್ಮಪ್ರಾಂತ್ಯಗಳ ಶ್ರೇಣಿಯನ್ನು ಸ್ಥಾಪಿಸಿದರು. ಆದರೂ ಆಧುನಿಕ ಕಾಲದಲ್ಲಿ ಲತೀನ್ ವಿಧಿಯ ಭಾರತೀಯರೊಬ್ಬರು ಧರ್ಮಪ್ರಾಂತ್ಯದ ಪೀಠವನ್ನೇರಿದ್ದು 1923ರಲ್ಲಿ, ತೂತ್ತುಕುಡಿಯಲ್ಲಿ ರೋಚ್ ಅವರು ಧರ್ಮಾಧ್ಯಕ್ಷರಾದಾಗ. ಮಂಗಳೂರಿನಲ್ಲಿ 1928ರಲ್ಲಿ ವಲೇರಿಯನ್ ಡಿಸೋಜಾ ಅವರು, ಬೆಂಗಳೂರಿನಲ್ಲಿ 1942ರಲ್ಲಿ ತೋಮಸ್ ಪೋತಕಮೂರಿ ಅವರು ಆ ಸ್ಥಾನಕ್ಕೆ ಬಂದರು. ಪುದುಚೇರಿಯಲ್ಲಿ ಬೇರುಬಿಟ್ಟಿದ್ದ ಗುರುಮಠವು 1934ರಲ್ಲಿ ಬೆಂಗಳೂರಿಗೆ ಬಂದು ಸಂತ ಪೇತ್ರರ ಗುರುಮಠವಾಗಿ ಬೆಳೆಯಿತು. 1844ರ ನಿರ್ಣಯಕ್ಕೂ ಈ ಫಲಗಳಿಗೂ ನಡುವೆ ಸುಮಾರು ಎಂಬತ್ತು ವರ್ಷಗಳು ಸಂದುವು. ಬಿತ್ತಿದವರು ಕೊಯ್ಲನ್ನು ಕಾಣಲಿಲ್ಲ.

ಮಹಾಸಭೆಯ ತರುವಾಯ

ನಾಯಕತ್ವವು ಜನರ ನಡುವಿನಿಂದಲೇ ಮೂಡಬೇಕೆಂಬ ಈ ವಿಚಾರವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯು ಇನ್ನೂ ಆಳಕ್ಕೆ ಕೊಂಡೊಯ್ದಿತು. 1964ರ ನವೆಂಬರ್ 21ರಂದು ಹೊರಬಿದ್ದ ಧರ್ಮಸಭೆಯನ್ನು ಕುರಿತ ಸಂವಿಧಾನದ ಅಧ್ಯಾಯಗಳ ಅನುಕ್ರಮವೇ ಒಂದು ಪಾಠ. ಮೊದಲನೆಯದು ಧರ್ಮಸಭೆಯ ರಹಸ್ಯ, ಎರಡನೆಯದು ದೇವಜನತೆ, ಮೂರನೆಯದು ಅಧಿಕಾರ ಶ್ರೇಣಿ. ಧರ್ಮಾಧ್ಯಕ್ಷರೂ ಗುರುಗಳೂ ಮೊದಲು ದೀಕ್ಷಾಸ್ನಾನ ಹೊಂದಿದ ದೇವಜನತೆಗೆ ಸೇರಿದವರು, ಆ ಮೇಲೆ ಅದರ ಸೇವಕರು ಎಂಬುದನ್ನು ಆ ಅನುಕ್ರಮವೇ ಸಾರುತ್ತದೆ. ಭಾರತದಲ್ಲಿ ಇದರ ಪ್ರತಿಧ್ವನಿಯು 1969ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕೇಳಿಬಂದಿತು. ಇಂದಿನ ಭಾರತದಲ್ಲಿ ಧರ್ಮಸಭೆ ಎಂಬ ವಿಷಯವನ್ನು ಕುರಿತ ಆ ಅಖಿಲ ಭಾರತ ವಿಚಾರಸಂಕಿರಣದಲ್ಲಿ ಧರ್ಮಾಧ್ಯಕ್ಷರೊಡನೆ ಗುರುಗಳು, ಭಗಿನಿಯರು ಮತ್ತು ಶ್ರೀಸಾಮಾನ್ಯರು ಕುಳಿತು ಚರ್ಚಿಸಿದರು.

1983ರ ಧರ್ಮಸಭಾ ಸಂಹಿತೆಯು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಸಮಿತಿಯಿರಬೇಕೆಂದು ಕಡ್ಡಾಯಗೊಳಿಸಿತು. ಪಾಲನಾ ಪರಿಷತ್ತಿನ ವಿಷಯವನ್ನಾದರೋ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟು, ಅದಕ್ಕೆ ಸಲಹೆ ನೀಡುವ ಹಕ್ಕನ್ನಷ್ಟೇ ಕೊಟ್ಟಿತು. ತಮ್ಮ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು ಅದೇ ಸಂಹಿತೆಯು ಹೇಳುತ್ತದೆ. 2021ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಆರಂಭಿಸಿದ ಸಿನೋದಿನ ಯಾತ್ರೆಯಲ್ಲಿ ಧರ್ಮಕೇಂದ್ರಗಳ ಮಟ್ಟದಿಂದಲೇ ಜನರ ಮಾತನ್ನು ಆಲಿಸಲಾಯಿತು. 2023 ಮತ್ತು 2024ರ ಅಧಿವೇಶನಗಳಲ್ಲಿ ಸ್ತ್ರೀಯರನ್ನೊಳಗೊಂಡಂತೆ ಶ್ರೀಸಾಮಾನ್ಯರಿಗೂ ಮತದಾನದ ಹಕ್ಕು ದೊರೆಯಿತು. 2024ರ ಅಕ್ಟೋಬರ್ 26ರಂದು ಅಂಗೀಕೃತವಾದ ಅಂತಿಮ ದಸ್ತಾವೇಜು ಇಂತಹ ಪರಿಷತ್ತುಗಳು ಕಡ್ಡಾಯವಾಗಬೇಕೆಂದು ಒತ್ತಿ ಹೇಳಿದೆ. ಅದನ್ನು ಒಪ್ಪಿ ಹೊರಡಿಸಿದ ಆ ಜಗದ್ಗುರುಗಳು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಆದರೆ ಅವರು ಮುಂದಿಟ್ಟ ಪ್ರಶ್ನೆ ನಮ್ಮ ಮುಂದೆ ಹಾಗೆಯೇ ಇದೆ.

ನಮ್ಮ ಮುಂದಿರುವ ಕರ್ತವ್ಯ

ಈ ಚರಿತ್ರೆಯನ್ನು ಓದಿ ಹೆಮ್ಮೆಪಟ್ಟು ಪುಸ್ತಕವನ್ನು ಮುಚ್ಚಿದರೆ ಪ್ರಯೋಜನವಿಲ್ಲ. ನಮ್ಮ ಕಾಲದ ರೋಗಗಳು ನಮಗೆ ತಿಳಿಯದವಲ್ಲ. ಗುರುಗಳೇ ಎಲ್ಲವನ್ನೂ ಮಾಡಲೆಂದು ಕೈಕಟ್ಟಿ ಕುಳಿತು, ಆ ಮೇಲೆ ಅವರು ಮಾಡಿದ್ದನ್ನೆಲ್ಲ ಟೀಕಿಸುವುದು ಒಂದು ರೋಗ. ಹೊಸ ಗುರುಗಳು ಬಂದಾಗಲೆಲ್ಲ ಹಳೆಯ ಗುರುಗಳ ಪಕ್ಷ, ಹೊಸ ಗುರುಗಳ ಪಕ್ಷ ಎಂದು ಒಡೆಯುವುದು ಇನ್ನೊಂದು. ಸಮಿತಿಯ ಸ್ಥಾನವನ್ನು ಸೇವೆಯೆಂದು ಬಗೆಯದೆ ಮನೆತನದ ಸೊತ್ತೆಂದು ಬಗೆಯುವುದು ಮೂರನೆಯದು. ಗುರುಗಳ ಪಕ್ಷದಲ್ಲಿಯೂ ದೊರೆತನದ ಪ್ರಲೋಭನೆಯಿದೆ. ಇಲ್ಲದಿದ್ದರೆ ಸಂತ ಪೇತ್ರರು ಅದನ್ನು ಬರೆಯಬೇಕಾಗಿರಲಿಲ್ಲ. ಇವೆಲ್ಲಕ್ಕಿಂತ ಆಳವಾದ ವ್ರಣವೆಂದರೆ ಜಾತಿಭೇದ. ಹಿಂದೆ ದಕ್ಷಿಣ ಭಾರತದ ಅನೇಕ ದೇವಾಲಯಗಳಲ್ಲಿ ಜಾತಿಗೊಂದು ಪಾರ್ಶ್ವವಿದ್ದಿತು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಲಿಯು ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಬೇಕಾಗಿ ಬಂದದ್ದು, ಆ ವ್ರಣವು ಇನ್ನೂ ಮಾಯ್ದಿಲ್ಲವೆಂಬುದಕ್ಕೆ ಸಾಕ್ಷಿ. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವವರು ಒಂದೇ ಪಂಕ್ತಿಯಲ್ಲಿ ಕೂರಲಾರೆವೆಂದರೆ, ಎಷ್ಟು ಎತ್ತರದ ಗೋಪುರವನ್ನು ಕಟ್ಟಿದರೂ ಅದು ಸಾಕ್ಷಿಯಾಗಲಾರದು.

ಇವಕ್ಕೆ ಔಷಧಿಯನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ನಮ್ಮ ಪಾಲನಾ ಪರಿಷತ್ತಿನಲ್ಲಿ ಯಾರ ದನಿ ಕೇಳಿಬರುತ್ತಿಲ್ಲ ಎಂದು ಗಮನಿಸಿ ಅವರಿಗೇ ಹೊಣೆಯನ್ನು ಒಪ್ಪಿಸುವುದು ಜೆರುಸಲೇಮಿನ ಔಷಧಿ. ಹೊಗಳಿಕೆಯನ್ನು ಕೇಳುವ ಕಿವಿಯಿಂದಲೇ ಟೀಕೆಯನ್ನೂ ಕೇಳುವುದು, ಗುರುಗಳಿಗೂ ಶ್ರೀಸಾಮಾನ್ಯರಿಗೂ, ಗ್ರೆಗೋರಿಯವರ ಔಷಧಿ. ವಾಡೆವಾಡೆಯಲ್ಲಿಯೂ ಪ್ರಾರ್ಥನೆಯನ್ನು ನಡೆಸಬಲ್ಲ, ರೋಗಿಯನ್ನು ಸಂದರ್ಶಿಸಬಲ್ಲ, ಮಗುವಿಗೆ ಜ್ಞಾನೋಪದೇಶ ಮಾಡಬಲ್ಲ ಒಬ್ಬ ಸ್ತ್ರೀಯನ್ನೋ ಪುರುಷನನ್ನೋ ಸಿದ್ಧಪಡಿಸುವುದು ಸಂತ ಜೋಸೆಫ್ ವಾಜರ ಔಷಧಿ. ಕಾಣಿಕೆಯ ಲೆಕ್ಕವನ್ನು ಎಲ್ಲರ ಮುಂದೆ ಓದುವುದು, ಮನೆಯಲ್ಲಿ ಸಂಜೆಯ ಜಪಮಾಲೆಯನ್ನು ಬಿಡದಿರುವುದು, ನಮ್ಮ ಮಕ್ಕಳಲ್ಲೊಬ್ಬರು ಗುರುಪಟ್ಟಕ್ಕೋ ಕನ್ಯಾಮಠಕ್ಕೋ ಹೋಗಬಯಸಿದರೆ ಅಡ್ಡಿಯಾಗದಿರುವುದು ಇವು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲದ ಕೆಲಸಗಳು.

ಈ ಧರ್ಮಕೇಂದ್ರವನ್ನು ಪಾಲಿಸಿದ ಗುರುಗಳನ್ನು ಸ್ಮರಿಸುವಾಗ ನಾವು ಅವರ ಭಾವಚಿತ್ರಗಳಿಗೆ ಹಾರ ಹಾಕುತ್ತೇವೆ. ಅವರಿಗೆ ಸಲ್ಲಬೇಕಾದ ನಿಜವಾದ ಗೌರವವು ಬೇರೆ. ಅವರು ಇಲ್ಲದಿರುವಾಗಲೂ ಈ ಪೀಠದ ಮುಂದೆ ಪ್ರಾರ್ಥನೆಯು ನಿಲ್ಲದಿದ್ದರೆ, ಈ ಬೀದಿಗಳಲ್ಲಿ ಹಸಿದವನನ್ನು ಕೇಳುವವರು ಇದ್ದರೆ, ಜಗಳವಾಡಿದವರು ಹಬ್ಬಕ್ಕೆ ಮುಂಚೆ ಒಂದಾದರೆ, ಆಗ ಅವರ ಸೇವೆಯು ಸಾರ್ಥಕ. ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು ನಮ್ಮನ್ನು ಯಾವ ಹೆಸರಿನಿಂದ ನೆನೆಯುವರೋ ನಾವು ಅರಿಯೆವು. ಆದರೆ ಹಿಂಡನ್ನು ಕಾಯುವ ಹೊಣೆಯನ್ನು ಈ ಜನರು ಒಬ್ಬರ ಹೆಗಲಿಗೇ ಬಿಡಲಿಲ್ಲ ಎಂದು ಅವರು ಬರೆಯುವಂತಾಗಲಿ. ಒಳ್ಳೆಯ ಕುರಿಗಾಹಿಯಾದ ಪ್ರಭು ಕ್ರಿಸ್ತರು ಅದಕ್ಕೆ ಬೇಕಾದ ವಿವೇಕವನ್ನೂ ವಿನಯವನ್ನೂ ನಮ್ಮೆಲ್ಲರಿಗೂ ಕರುಣಿಸಲಿ.